ಮೊದಲ ಲಾರಿ ಯಾರದ್ದಾಗಿರಬೇಕು?

ಪ್ರಶ್ನೆ: ನನಗೆ 24 ವರ್ಷ. ಮೂರು ವರ್ಷ ಟಾಟಾ ಏಸ್ ಓಡಿಸಿ, ಹೋದ ತಿಂಗಳು ಹೆವಿ ಲೈಸೆನ್ಸ್ ಪಡೆದಿದ್ದೇನೆ. ಬೆಂಗಳೂರಿನ ಪಾರ್ಸೆಲ್ ಕಂಪನಿಯೊಂದು 18,000 ರೂಪಾಯಿ ಸಂಬಳ, ಪಿಎಫ್, ಇಎಸ್‌ಐ ಕೊಡುವುದಾಗಿ ಹೇಳಿದೆ. ಆದರೆ ಮೊದಲ ಮೂರು ತಿಂಗಳು ಹಿರಿಯ ಚಾಲಕರ ಜೊತೆ ಎರಡನೆಯವನಾಗಿಯೇ ಹೋಗಬೇಕಂತೆ. ನಮ್ಮ ಕಡೆಯ ಆರು ಲಾರಿಗಳ ಮಾಲೀಕರೊಬ್ಬರು, ನಾಮಕ್ಕಲ್‌ಗೆ ಮೆಕ್ಕೆಜೋಳ ಹೊರುವ ಹತ್ತು ಚಕ್ರದ ಲಾರಿಯನ್ನು ನಾಳೆಯೇ ಕೈಗೆ ಕೊಡುತ್ತಾರೆ. ಬಾಟಾ ಸೇರಿ 28,000, ಜೊತೆಗೆ 40,000 ಅಡ್ವಾನ್ಸ್. ಮನೆಯಲ್ಲಿ ಸಾಲವಿದೆ. ಯಾವುದನ್ನು ಒಪ್ಪಿಕೊಳ್ಳಲಿ?
– ಓದುಗರೊಬ್ಬರು, ರಾಣೇಬೆನ್ನೂರು ತಾಲ್ಲೂಕು

ಉತ್ತರ: ನೀವು ಕೊರತೆಯೆಂದು ಬರೆದಿರುವ ಆ ಮೂರು ತಿಂಗಳುಗಳೇ ನನ್ನ ಲೆಕ್ಕದಲ್ಲಿ ಆ ಕೆಲಸದ ನಿಜವಾದ ಸಂಬಳ. ಒಂದೂವರೆ, ಎರಡು ಟನ್ನಿನ ಗಾಡಿಯಲ್ಲಿ ಪಳಗಿದ ಕಾಲಿಗೆ, ಸರಕು ಸೇರಿ ಸುಮಾರು 28 ಟನ್ ತೂಗುವ ಲಾರಿಯ ಬ್ರೇಕು ಬೇರೆಯದೇ ವಿದ್ಯೆ. ನಾಮಕ್ಕಲ್‌ಗೆ ಹೋಗುವ ದಾರಿಯಲ್ಲಿ ಧರ್ಮಪುರಿ ದಾಟಿದ ಮೇಲೆ, ಸೇಲಂ ಕಡೆಗೆ ಇಳಿಯುವ ತೊಪ್ಪೂರು ಘಾಟಿ ಸಿಗುತ್ತದೆ. ಡೀಸೆಲ್ ಉಳಿಸಲೆಂದು ಅಲ್ಲಿ ಗೇರನ್ನು ನ್ಯೂಟ್ರಲ್‌ಗೆ ತಂದು ಇಳಿಯುವ ಲಾರಿಗಳು ಮುಂದಿನ ವಾಹನಗಳ ಮೇಲೆ ಹರಿದ ಅಪಘಾತಗಳು ಒಂದೆರಡಲ್ಲ.

ನಾನು ಹೊಸಬನಾಗಿದ್ದಾಗ ನನ್ನ ಪಕ್ಕದಲ್ಲಿ ಕುಳಿತ ಹಿರಿಯರೊಬ್ಬರು, ಘಾಟಿ ಇಳಿದ ಕೂಡಲೇ ಲಾರಿಯನ್ನು ಪಕ್ಕಕ್ಕೆ ಹಾಕಿಸಿ, ಒಂದೊಂದು ಚಕ್ರದ ಬ್ರೇಕ್ ಡ್ರಮ್ಮಿನ ಹತ್ತಿರವೂ, ಮುಟ್ಟದೆ, ಅಂಗೈ ಹಿಡಿದು ಶಾಖ ನೋಡಿಸುತ್ತಿದ್ದರು. ಉಳಿದವುಗಳಿಗಿಂತ ಹೆಚ್ಚು ಕಾದದ್ದು ಎಲ್ಲೋ ಕಚ್ಚಿಕೊಂಡಿದೆ, ತಣ್ಣಗಿರುವುದು ಕೆಲಸವನ್ನೇ ಮಾಡುತ್ತಿಲ್ಲ ಎಂಬುದನ್ನು ನಾನು ಕಲಿತದ್ದು ಹಾಗೆ. ಆರ್‌ಟಿಒ ಮೈದಾನದಲ್ಲಿ ಖಾಲಿ ಲಾರಿ ಓಡಿಸಿದವನಿಗೆ ಇದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ.

ಇನ್ನು ಹಣದ ಮಾತು. ಬಾಟಾ ಎಂಬುದು ದಾರಿಯ ಊಟ, ಸ್ನಾನ, ಚಹಾಕ್ಕೆ ಕರಗಿಹೋಗುವ ದುಡ್ಡು. ಅದನ್ನು ಕಳೆದು, ಮನೆಗೆ ಎಷ್ಟು ಮುಟ್ಟುತ್ತದೆ ಎಂದು ಕಾಗದದ ಮೇಲೆ ಬರೆದು ನೋಡಿ. ಅತ್ತ ಕಂಪನಿಯ ಸಂಬಳ 21,000ದ ಮಿತಿಯೊಳಗೆ ಇರುವುದರಿಂದ ಇಎಸ್‌ಐ ಮೂಲಕ ನಿಮ್ಮ ತಂದೆತಾಯಿಯ ಆಸ್ಪತ್ರೆ ಖರ್ಚಿಗೂ ಆಸರೆ ಸಿಗಬಹುದು; ಅವರು ನಿಮ್ಮ ದುಡಿಮೆಯನ್ನೇ ನಂಬಿದ್ದಾರೆಂಬುದನ್ನು ದಾಖಲೆಯಲ್ಲಿ ತೋರಿಸಬೇಕಾಗುತ್ತದೆ, ಅಷ್ಟೆ. ಪಿಎಫ್ ಕಾನೂನು 20 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಕಡೆ ಅನ್ವಯಿಸುವುದರಿಂದ, ಆರು ಲಾರಿಗಳ ಮಾಲೀಕರಿಂದ ಅದನ್ನು ನಿರೀಕ್ಷಿಸುವುದು ಕಷ್ಟ. ಮೆಕ್ಕೆಜೋಳದ ಲೋಡಿನಲ್ಲಿ ಹತ್ತಿಪ್ಪತ್ತು ಚೀಲ ಹೆಚ್ಚಿಗೆ ಏರಿಸುವ ಚಾಳಿಯಿದ್ದರೆ ಅದನ್ನೂ ಮೊದಲೇ ತಿಳಿದುಕೊಳ್ಳಿ: ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಹೆಚ್ಚುವರಿ ಭಾರಕ್ಕೆ 20,000 ರೂಪಾಯಿ, ಅದರ ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ ದಂಡವಿದೆ. ಅದನ್ನು ಕಟ್ಟುವವರು ಯಾರು ಎಂದು ಬಾಯಿಬಿಟ್ಟು ಕೇಳಿದಾಗ ಮಾಲೀಕರು ಮಾತು ತೇಲಿಸಿದರೆ, ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿಕ್ಕಂತಾಯಿತು.

ಹಾಗೆಂದು ಕಂಪನಿ ದೊಡ್ಡದು ಎಂಬ ಒಂದೇ ಕಾರಣಕ್ಕೆ ಕಣ್ಣುಮುಚ್ಚಿ ಹೋಗಬೇಡಿ. ಎರಡನೇ ಚಾಲಕನೆಂದು ಕರೆದು, ಕ್ಲೀನರ್ ಕೆಲಸವನ್ನಷ್ಟೇ ಮಾಡಿಸಿಕೊಂಡು, ಸ್ಟಿಯರಿಂಗ್ ಮುಟ್ಟಲು ಬಿಡದ ಕಡೆಗಳೂ ಇವೆ. ಆಫೀಸಿನಲ್ಲಿ ಕೇಳಿದರೆ ಇದು ಗೊತ್ತಾಗುವುದಿಲ್ಲ. ರಾತ್ರಿ ಗಾಡಿಗಳು ಬಂದು ನಿಲ್ಲುವ ಬೆಳಗಿನ ಹೊತ್ತಿಗೆ ಅವರ ಯಾರ್ಡಿನ ಎದುರಿನ ಚಹಾದಂಗಡಿಗೆ ಹೋಗಿ, ಚಾಲಕರನ್ನು ವಿಚಾರಿಸಿ: ಗಾಡಿ ಕೆಟ್ಟು ನಿಂತ ರಾತ್ರಿ ಫೋನ್ ಎತ್ತುವವರು ಯಾರು, ಪಾರ್ಸೆಲ್ ಕಡಿಮೆ ಬಂದರೆ ಯಾರ ಸಂಬಳದಲ್ಲಿ ಮುರಿಯುತ್ತಾರೆ, ತಿಂಗಳಿಗೆ ಎಷ್ಟು ದಿನ ಮನೆಯಲ್ಲಿರುತ್ತೀರಿ, ನಿದ್ದೆ ಬರುತ್ತಿದೆ ಎಂದರೆ ನಿಲ್ಲಿಸಲು ಬಿಡುತ್ತಾರೆಯೇ? 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೇ ದಿನಕ್ಕೆ 8 ಗಂಟೆಯ ದುಡಿಮೆ, 5 ಗಂಟೆ ದುಡಿದ ಮೇಲೆ ಅರ್ಧ ಗಂಟೆ ವಿಶ್ರಾಂತಿ ಎಂದು ಬರೆದಿತ್ತು; ರಸ್ತೆಯಲ್ಲಿ ಅದು ಎಷ್ಟು ನಡೆದಿದೆ ಎಂಬುದು ಆ ಚಹಾದಂಗಡಿಯವರಿಗೂ ಗೊತ್ತಿರುತ್ತದೆ. ಕೆಲಸದ ಪತ್ರವನ್ನು ಮಾತ್ರ ಬರಹದಲ್ಲಿಯೇ ಪಡೆಯಿರಿ.

ನಿಮ್ಮ ಊರಿನ ಮಾಲೀಕರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಅನುಭವವಿರುವ ಚಾಲಕರೊಬ್ಬರನ್ನು ಎರಡು ತಿಂಗಳು ನಿಮ್ಮ ಜೊತೆ ಕಳುಹಿಸಲು ಅವರು ಒಪ್ಪುವುದಾದರೆ, ಸಂಬಳ 20,000ಕ್ಕೆ ಇಳಿದರೂ ಅಲ್ಲಿ ಸೇರಬಹುದು. ಒಪ್ಪದಿದ್ದರೆ ಬೆಂಗಳೂರಿಗೆ ಹೋಗಿ.

ಎಲ್ಲಿಗೆ ಹೋದರೂ ಅಡ್ವಾನ್ಸ್ ಮಾತ್ರ ಬೇಡ. ಮನೆಯ ಸಾಲದ ಒತ್ತಡ ನನಗೆ ಅರ್ಥವಾಗುತ್ತದೆ, ಆದರೆ ಆ 40,000 ತೀರುವವರೆಗೆ ಬ್ರೇಕು ಸರಿಯಿಲ್ಲದ ಗಾಡಿಯನ್ನು ಒಲ್ಲೆ ಎನ್ನುವ ಧೈರ್ಯ ನಿಮಗೆ ಬರುವುದಿಲ್ಲ. ಅಡ್ವಾನ್ಸಿಗೆ ಆಧಾರವೆಂದು ಅಸಲು ಲೈಸೆನ್ಸನ್ನು ತೆಗೆದಿಟ್ಟುಕೊಳ್ಳುವವರೂ ಇದ್ದಾರೆ. ಜೆರಾಕ್ಸ್ ಕೊಡಿ, ಅಸಲನ್ನು ಕೊಡಬೇಡಿ. ಈಗಾಗಲೇ ಹಣ ಪಡೆದಿದ್ದರೆ ಇಬ್ಬರು ಹಿರಿಯರ ಎದುರಿಗೆ ಹಿಂದಿರುಗಿಸಿ, ಮುಟ್ಟಿದೆಯೆಂದು ಮಾಲೀಕರ ಸಹಿಯಿರುವ ಚೀಟಿ ತೆಗೆದುಕೊಂಡು, ಆಮೇಲೆ ಬಸ್ ಹತ್ತಿ.