ರಾತ್ರಿ ಹುಷಾರಿತ್ತು, ಬೆಳಿಗ್ಗೆ ಇರಲಿಲ್ಲ: ಬೆಕ್ಕಿನ ಹಠಾತ್ ಸಾವಿನ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ನಮ್ಮ ಗಂಡುಬೆಕ್ಕಿಗೆ 4 ವರ್ಷ. ರಾತ್ರಿ ಹಾಲನ್ನ ತಿಂದು ಮೆತ್ತು ಹತ್ತಿ ಮಲಗಿತ್ತು. ಬೆಳಿಗ್ಗೆ ಕೊಟ್ಟಿಗೆಗೆ ಹೊರಟಾಗ ಜಗಲಿಯ ಮೂಲೆಯಲ್ಲಿ ಸೆಟೆದು ಬಿದ್ದಿತ್ತು. ವಾಂತಿ ಇಲ್ಲ, ಗಾಯ ಇಲ್ಲ. ಮೂಗಿನ ಹತ್ತಿರ ಸ್ವಲ್ಪ ಕೆಂಪು ನೊರೆ, ಕಣ್ಣು ತೆರೆದೇ ಇತ್ತು. ಒಂದು ಮಗ್ಗುಲು ಹೊಡೆದ ಹಾಗೆ ಕಂದಿತ್ತು. ಪಕ್ಕದ ತೋಟದವರು ಇಲಿಪಾಷಾಣ ಇಡುತ್ತಾರೆ. ಅದೇ ಕಾರಣವೇ? ಹಿಂದಿನ ದಿನ ಊಟ ಅರ್ಧ ಬಿಟ್ಟಿತ್ತು. ಆಗಲೇ ವೈದ್ಯರ ಹತ್ತಿರ ಒಯ್ದಿದ್ದರೆ ಉಳಿಯುತ್ತಿತ್ತೇ? ಅದೇ ದಿನ ತೋಟದಲ್ಲಿ ಹೂತಿದ್ದೇವೆ.
— ಹೆಸರು ಬೇಡ, ಶಿರಸಿ ತಾಲೂಕು

ಉತ್ತರ: ನಿಮ್ಮ ನಿದ್ದೆ ಕೆಡಿಸಿರುವುದು ನೀವು ಕಂಡ ಆ ಗುರುತುಗಳೇ ಎಂದು ಪತ್ರ ಓದಿದರೆ ಗೊತ್ತಾಗುತ್ತದೆ. ಅವುಗಳಿಂದಲೇ ಶುರು ಮಾಡೋಣ. ಸತ್ತ ಬೆಕ್ಕಿನ ಕಣ್ಣು ತಾನಾಗಿ ಮುಚ್ಚುವುದಿಲ್ಲ. ಅದು ಹೆದರಿದ್ದರ ಗುರುತಲ್ಲ. ಮಗ್ಗುಲು ಕಂದಿದ್ದು ಪೆಟ್ಟಲ್ಲ; ಹೃದಯ ನಿಂತ ಮೇಲೆ ರಕ್ತ ಕೆಳಗಿನ ಬದಿಗೆ ಇಳಿದು ನಿಲ್ಲುತ್ತದೆ, ಯಾವ ಮಗ್ಗುಲಲ್ಲಿ ಬಿದ್ದಿತ್ತೋ ಅದು ಕಪ್ಪಾಗುತ್ತದೆ. ಮೈ ಸೆಟೆಯುವುದು ಎಲ್ಲ ಸಾವಿನಲ್ಲೂ ಇದೆ. ಮೂಗಿನ ನೊರೆ ಶ್ವಾಸಕೋಶದಲ್ಲಿ ನೀರು ತುಂಬಿದರೆ ಬರುತ್ತದೆ. ವಿಷದಲ್ಲೂ ಬರಬಹುದು, ಹೃದಯದ ತೊಂದರೆಯಲ್ಲೂ ಬರಬಹುದು. ನೊರೆಯೊಂದನ್ನೇ ನೋಡಿ ವಿಷ ಎನ್ನುವಂತಿಲ್ಲ.

ಹೂತ ಮೇಲೆ ಖಚಿತ ಕಾರಣ ಹೇಳಲು ಸಾಧ್ಯವಿಲ್ಲ. ಆದರೆ ಆರೋಗ್ಯವಾಗಿ ಓಡಾಡಿಕೊಂಡಿದ್ದ ಹರೆಯದ ಬೆಕ್ಕು, ಅದರಲ್ಲೂ ಗಂಡು, ಏನೂ ತೋರಿಸದೆ ಸತ್ತಾಗ ಮೊದಲು ಅನುಮಾನ ಬರುವುದು ಹೃದಯದ ಸ್ನಾಯು ದಪ್ಪಗಾಗುವ ಕಾಯಿಲೆಯ ಮೇಲೆ. ವೈದ್ಯರು ಇದನ್ನು ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿ ಎನ್ನುತ್ತಾರೆ. ಬೆಕ್ಕುಗಳ ಹೃದ್ರೋಗಗಳಲ್ಲಿ ಇದೇ ಅತಿ ಸಾಮಾನ್ಯ. ಎಡ ಹೃತ್ಕುಕ್ಷಿಯ ಗೋಡೆ ದಪ್ಪವಾಗಿ ಒಳಗಿನ ಜಾಗ ಕಿರಿದಾಗುತ್ತದೆ, ರಕ್ತ ಸರಿಯಾಗಿ ತುಂಬುವುದಿಲ್ಲ. ಬಡಿತದ ಲಯ ತಪ್ಪಿದರೆ ನಿಮಿಷಗಳಲ್ಲಿ ಮುಗಿಯುತ್ತದೆ. ಕೆಲವು ಬೆಕ್ಕುಗಳಲ್ಲಿ ಹೃದಯದೊಳಗೆ ರಕ್ತ ಹೆಪ್ಪುಗಟ್ಟಿ, ಆ ಗಡ್ಡೆ ಹಿಂಗಾಲಿನ ನಾಳಕ್ಕೆ ಜಾರುತ್ತದೆ. ಆಗ ಹಿಂಗಾಲು ತಣ್ಣಗಾಗಿ ಸ್ವಾಧೀನ ತಪ್ಪುತ್ತದೆ, ಬೆಕ್ಕು ನೋವಿನಿಂದ ಜೋರಾಗಿ ಕೂಗುತ್ತದೆ. ನಿಮ್ಮದು ಹಾಗೆ ಕೂಗಿದ್ದರೆ ಮನೆಮಂದಿಗೆ ಎಚ್ಚರವಾಗುತ್ತಿತ್ತು.

ಈ ಕಾಯಿಲೆ ಸ್ಟೆತಸ್ಕೋಪಿಗೂ ಎಷ್ಟೋ ಸಲ ಸಿಗುವುದಿಲ್ಲ. ಎಕೋ ಸ್ಕ್ಯಾನ್ ಮಾಡಿದರೇ ಖಚಿತ. ಒಂದು ಹೊತ್ತು ಅರ್ಧ ಊಟ ಬಿಟ್ಟ ಬೆಕ್ಕನ್ನು ಯಾರೂ ಎಕೋಗೆ ಒಯ್ಯುವುದಿಲ್ಲ. ನೀವು ತಪ್ಪಿದ್ದೀರಿ ಎನ್ನಲು ನಿಮ್ಮ ಪತ್ರದಲ್ಲಿ ಏನೂ ಇಲ್ಲ. ಅದರ ಒಡಹುಟ್ಟಿದ ಬೆಕ್ಕು ಮನೆಯಲ್ಲಿದ್ದರೆ ಗಾಢ ನಿದ್ದೆಯಲ್ಲಿರುವಾಗ ಒಂದು ನಿಮಿಷ ಉಸಿರು ಎಣಿಸಿ. ಪಕ್ಕೆ ಒಮ್ಮೆ ಏರಿ ಇಳಿದರೆ ಒಂದು. 30ರ ಒಳಗಿದ್ದರೆ ಸರಿ. ದಿನವೂ ಅದಕ್ಕಿಂತ ಹೆಚ್ಚು ಬರುತ್ತಿದ್ದರೆ ತೋರಿಸಿ. 40 ದಾಟಿದರೆ ಅದೇ ದಿನ ಒಯ್ಯಿರಿ.

ಎರಡನೆಯ ಅನುಮಾನ ಹಾವು. ಕಟ್ಟುಹಾವು ರಾತ್ರಿ ಓಡಾಡುವುದು. ಅದರ ಕಡಿತದಲ್ಲಿ ಊತ ಬಹುತೇಕ ಇರುವುದಿಲ್ಲ, ಹಲ್ಲಿನ ಗುರುತು ಕೂದಲಲ್ಲಿ ಮುಚ್ಚಿಹೋಗುತ್ತದೆ, ಉಸಿರಾಟದ ಸ್ನಾಯು ಸೋತು ಪ್ರಾಣ ಹೋಗುತ್ತದೆ. ಕೊಳಕುಮಂಡಲ ಕಚ್ಚಿದ್ದರೆ ಮುಂಗಾಲೋ ಮುಖವೋ ಬಾತು, ರಕ್ತ ಒಸರುತ್ತಿತ್ತು.

ಇನ್ನು ಪಾಷಾಣ. ಜಿಂಕ್ ಫಾಸ್ಫೈಡ್ ಎಂಬ ಕಪ್ಪು ಪುಡಿ ಹೊಟ್ಟೆಯ ಆಮ್ಲಕ್ಕೆ ತಾಗಿದರೆ ಫಾಸ್ಫೀನ್ ಅನಿಲವಾಗುತ್ತದೆ. ಕೆಲವೇ ಗಂಟೆಗಳಲ್ಲಿ ವಾಂತಿ, ಚಡಪಡಿಕೆ, ಬಾಯಲ್ಲಿ ಬೆಳ್ಳುಳ್ಳಿಯದೋ ಕೊಳೆತ ಮೀನಿನದೋ ವಾಸನೆ ಕಾಣಬೇಕು. ಕೇಕಿನ ರೂಪದ ಬ್ರೋಮಡಿಯೋಲೋನ್ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ಅದು ಕೆಲಸ ತೋರಿಸುವುದು 3ರಿಂದ 5 ದಿನಕ್ಕೆ. ಎದೆಯೊಳಗೆ ರಕ್ತ ಸೋರಿ, ಹೊರಗೆ ಹನಿಯೂ ಕಾಣದೆ ಸಾಯುವುದುಂಟು. ಹಾಗಾಗಿ ಪಾಷಾಣ ಅಲ್ಲವೇ ಅಲ್ಲ ಎನ್ನಲಾರೆವು. ಆದರೆ ಪಕ್ಕದವರ ಮೇಲೆ ಹೊರಿಸುವಷ್ಟು ಆಧಾರವೂ ಇಲ್ಲ. ಬೇಲಿ ಹಂಚಿಕೊಂಡವರ ಜೊತೆ ಮಾತು ಕಡಿದುಕೊಳ್ಳಬೇಡಿ. ಪಾಷಾಣವನ್ನು ಬಿಲದೊಳಗೆ ಇಟ್ಟು ಬಾಯಿ ಮುಚ್ಚಿ, ಸತ್ತ ಇಲಿಯನ್ನು ಹೂಳಿ ಎಂದು ಕೇಳಿಕೊಳ್ಳುವುದಕ್ಕೆ ಅಡ್ಡಿಯಿಲ್ಲ.

ಪ್ರಶ್ನೆ: ಇಂಥ ಸಾವಾದಾಗ ಪೋಸ್ಟ್‌ಮಾರ್ಟಮ್ ಮಾಡಿಸಬಹುದೇ? ನಮ್ಮದನ್ನು ಒಯ್ಯುವಷ್ಟರಲ್ಲಿ ಹೊಟ್ಟೆ ಉಬ್ಬಿ, ಏನೂ ತಿಳಿಯುವುದಿಲ್ಲ ಎಂದರು.
— ಓದುಗರು, ಕಾರವಾರ

ಉತ್ತರ: ಮಾಡಿಸಬಹುದು, ಆದರೆ ಗಂಟೆಗಳ ಲೆಕ್ಕ ಇದು. ಕಾರವಾರದ ಏಪ್ರಿಲ್-ಮೇ ಸೆಕೆಯಲ್ಲಿ ಅರ್ಧ ದಿನ ಹೊರಗಿಟ್ಟರೂ ಕೆಟ್ಟುಹೋಗುತ್ತದೆ. ಮೊದಲು ಹಾಳಾಗುವುದು ಕರುಳಿನ ಒಳಪದರ, ಕೆಲವು ಕಾಯಿಲೆಗಳ ಗುರುತಿರುವುದೂ ಅಲ್ಲೇ.

ಕೈಗವಸು ಹಾಕಿಕೊಂಡು ಮೊದಲು ಫೋಟೊ ತೆಗೆಯಿರಿ: ಬಿದ್ದ ಜಾಗ, ಬಾಯಿ, ವಸಡಿನ ಬಣ್ಣ, ಪಾದ. ತುಪ್ಪಳ ದಪ್ಪ ಇದ್ದರೆ ತಣ್ಣೀರಲ್ಲಿ ಒದ್ದೆ ಮಾಡಿ, ಕಾವು ಬೇಗ ಇಳಿಯುತ್ತದೆ. ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ. ಮೀನು ಮಾರುವವರ ಹತ್ತಿರ ಥರ್ಮಾಕೋಲ್ ಪೆಟ್ಟಿಗೆ, ಐಸು ಎರಡೂ ಸಿಗುತ್ತವೆ. ಐಸನ್ನು ಬೇರೆ ಚೀಲದಲ್ಲಿ ಕಟ್ಟಿ ಮೇಲೆ ಕೆಳಗೆ ಇಡಿ. ಫ್ರೀಜರಿನಲ್ಲಿ ಮಾತ್ರ ಇಡಬೇಡಿ. ನೀರಿನ ಹರಳು ಜೀವಕೋಶ ಒಡೆಯುತ್ತದೆ, ಆಮೇಲೆ ಸೂಕ್ಷ್ಮದರ್ಶಕದಲ್ಲಿ ಏನೂ ಕಾಣುವುದಿಲ್ಲ. 24 ಗಂಟೆಯೊಳಗೆ ಮುಟ್ಟಿಸಿ. ಸರ್ಕಾರಿ ಪಶು ಆಸ್ಪತ್ರೆಗೆ ಮೊದಲು ಫೋನ್ ಮಾಡಿ ಕೇಳಿಕೊಳ್ಳಿ. ಘಟ್ಟದ ಮೇಲಿನವರಿಗೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜೂ ಇದೆ.

ವೈದ್ಯರಲ್ಲಿ ಎರಡು ಮಾತು ಕೇಳಿ. ಹೃದಯವನ್ನು ತೂಗಿದ್ದೀರಾ? ಬೆಕ್ಕಿನ ಹೃದಯ ಸಾಮಾನ್ಯವಾಗಿ 20 ಗ್ರಾಂ ಒಳಗಿರುತ್ತದೆ. ದಾಟಿದ್ದರೆ ಮೇಲೆ ಹೇಳಿದ ಕಾಯಿಲೆಯ ಅನುಮಾನ ಬಲವಾಗುತ್ತದೆ. ಮಾದರಿಯನ್ನು ಯಾವುದರಲ್ಲಿ ಇಟ್ಟಿರಿ? ಅಂಗಾಂಶ ಪರೀಕ್ಷೆಗಾದರೆ ಮಾದರಿ ಕೆಡದಂತೆ ಕಾಯುವ 10% ಫಾರ್ಮಲಿನ್ ದ್ರವ, ತುಂಡಿನ ಹತ್ತು ಪಟ್ಟು. ವಿಷದ ಪರೀಕ್ಷೆಗೆ ಹೊಟ್ಟೆಯಲ್ಲಿದ್ದದ್ದು, ಯಕೃತ್ತು, ಮೂತ್ರಪಿಂಡ ಬೇಕು, ಅದಕ್ಕೆ ಫಾರ್ಮಲಿನ್ ಸೋಕಬಾರದು. ಪಾಷಾಣದ ಅನುಮಾನವಿದ್ದರೆ ಮುಂಚೆಯೇ ಹೇಳಿ. ಹೊಟ್ಟೆ ಕೊಯ್ಯುವಾಗ ಹೊರಬರುವ ಫಾಸ್ಫೀನ್ ವೈದ್ಯರಿಗೂ ಅಪಾಯ. ಬೇಕಂತಲೇ ವಿಷ ಹಾಕಿದ್ದಾರೆ ಎಂದಾದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಡಿ ದೂರು ಕೊಡಬಹುದು, 5 ವರ್ಷದವರೆಗೆ ಶಿಕ್ಷೆ ಇದೆ. ಈ ವರದಿ ಇಲ್ಲದೆ ದೂರು ನಿಲ್ಲುವುದು ಕಷ್ಟ. ಎಲ್ಲ ಮಾಡಿಸಿಯೂ ಕಾರಣ ಸಿಗದೆ ಹೋಗಬಹುದು. ಲಯ ತಪ್ಪಿ ನಿಂತ ಹೃದಯ ಕೆಲವೊಮ್ಮೆ ಗುರುತು ಬಿಡುವುದಿಲ್ಲ.

ಪ್ರಶ್ನೆ: ಒಂದೇ ದಿನ ಎರಡು ಮರಿ ಸತ್ತವು. ತಾಯಿ ಚೆನ್ನಾಗಿದೆ. ಮಗ ಬೇರೆ ಮರಿ ತರುತ್ತೇನೆ ಎನ್ನುತ್ತಾನೆ.
— ಓದುಗರು, ಕುಮಟಾ

ಉತ್ತರ: ಈಗ ತರಬೇಡಿ. ಮರಿಗಳು ಹೀಗೆ ಜೊತೆಜೊತೆಗೆ ಹೋದರೆ ಬೆಕ್ಕುಗಳ ವೈರಸ್ ಕಾಯಿಲೆಯಾದ ಪ್ಯಾನ್‌ಲ್ಯೂಕೋಪೀನಿಯಾ ಎಂದೇ ಲೆಕ್ಕ ಹಿಡಿಯಬೇಕು. ಭೇದಿ ಶುರುವಾಗುವ ಮೊದಲೇ ಮರಿ ಸಾಯುವುದುಂಟು, ಹಾಗಾಗಿ ಜನ ವಿಷ ಎಂದುಕೊಳ್ಳುತ್ತಾರೆ. ಮನುಷ್ಯರಿಗೆ ಅಂಟುವುದಿಲ್ಲ. ಆದರೆ ವೈರಸ್ ಮನೆಯೊಳಗೆ ಒಂದು ವರ್ಷದವರೆಗೂ ಬದುಕಬಲ್ಲದು, ಡೆಟಾಲು ಫಿನಾಯಿಲಿಗೆ ಜಗ್ಗುವುದಿಲ್ಲ. ಮರಿ ಮಲಗಿದ್ದ ಗೋಣಿ, ಬುಟ್ಟಿ ಸುಟ್ಟುಬಿಡಿ. ನೆಲವನ್ನು ಮೊದಲು ಸೋಪುನೀರಲ್ಲಿ ತೊಳೆಯಿರಿ, ಕೊಳೆ ಉಳಿದರೆ ಬ್ಲೀಚಿನ ಶಕ್ತಿ ಅದಕ್ಕೇ ಖರ್ಚಾಗುತ್ತದೆ. ನಂತರ ಲೀಟರ್ ನೀರಿಗೆ 30 ಮಿಲಿ ದ್ರವ ಬ್ಲೀಚ್ ಬೆರೆಸಿ ಒರೆಸಿ, 10 ನಿಮಿಷ ಹಸಿಯಾಗಿರಲಿ. ಸಗಣಿ ಸಾರಿಸಿದ ನೆಲಕ್ಕೆ ಇದು ನಾಟುವುದಿಲ್ಲ. ಅಂಥ ಮನೆಗೆ ಲಸಿಕೆ ಮುಗಿದ ಬೆಕ್ಕೇ ಬರಬೇಕು: 6ರಿಂದ 8 ವಾರಕ್ಕೆ ಮೊದಲನೆಯದು, ಮುಂದೆ 3-4 ವಾರಕ್ಕೊಂದು, 16 ವಾರ ದಾಟುವವರೆಗೆ, ಕೊನೆಯದಾಗಿ 2 ವಾರ ಕಳೆದ ಮೇಲೆ ಮನೆಗೆ ತನ್ನಿ.

ಪ್ರಶ್ನೆ: ನಮ್ಮ ಬೆಕ್ಕು ಸತ್ತಾಗ ‘ಮಲಗಿದೆ’ ಎಂದು ನಾವು ಹೇಳಿದ್ದಕ್ಕೆ 6 ವರ್ಷದ ಮಗಳು ‘ಯಾವಾಗ ಏಳುತ್ತದೆ’ ಎಂದು ದಿನವೂ ಕೇಳುತ್ತಾಳೆ. ಇನ್ನೊಂದು ಬೆಕ್ಕು ಊಟ ಬಿಟ್ಟಿದೆ. ಅತ್ತೆ, ‘ಬೆಕ್ಕಿಗೆಲ್ಲ ಅಳುತ್ತಾರಾ’ ಅಂತಾರೆ. ಕಾರಣ ಗೊತ್ತಿಲ್ಲದ್ದೇ ನನಗೆ ದೊಡ್ಡ ಸಂಕಟ.
— ಗೃಹಿಣಿ, ಅಂಕೋಲಾ

ಉತ್ತರ: ‘ಮಲಗಿದೆ’ ಎಂಬುದನ್ನು ಇವತ್ತೇ ತಿದ್ದಿ. ಮಕ್ಕಳು ಆಮೇಲೆ ತಾವು ಮಲಗಲೂ ಹೆದರುತ್ತಾರೆ. ‘ಅದು ಸತ್ತುಹೋಯಿತು ಮಗಾ. ಅದರ ಮೈ ಕೆಲಸ ಮಾಡುವುದು ನಿಂತುಹೋಯಿತು, ಇನ್ನು ಏಳುವುದಿಲ್ಲ. ನೀನು ಏನೂ ಮಾಡಿದ್ದಲ್ಲ’ ಅನ್ನಿ. ಕೊನೆಯ ಮಾತು ಬಿಡಬೇಡಿ; ಬಾಲ ಎಳೆದದ್ದಕ್ಕೇ ಸತ್ತಿತು ಎಂದು ಮಗು ಒಳಗೊಳಗೇ ನಂಬಿರಬಹುದು. ‘ಯಾಕೆ ಸತ್ತಿತು’ ಎಂದರೆ ‘ನಮಗೂ ಗೊತ್ತಾಗಲಿಲ್ಲ’ ಎನ್ನುವುದೇ ಸರಿ.

ಉಳಿದ ಬೆಕ್ಕು ಹುಡುಕುವುದು, ಕೂಗುವುದು ಸಹಜ. ಆದರೆ ಪೂರ್ತಿ ಊಟ ಬಿಟ್ಟು ಎರಡು ದಿನವಾದರೆ ಕಾಯಬೇಡಿ. ಬೆಕ್ಕು ಉಪವಾಸವಿದ್ದರೆ ಕೊಬ್ಬು ಯಕೃತ್ತಿಗೆ ಹೋಗಿ ತುಂಬಿ ಅದೇ ಕಾಯಿಲೆಯಾಗುತ್ತದೆ, ದಪ್ಪ ಬೆಕ್ಕಿಗೆ ಇನ್ನೂ ಬೇಗ. ಬೇಯಿಸಿದ ಮೀನನ್ನು ಮುಳ್ಳು ತೆಗೆದು, ಉಗುರುಬೆಚ್ಚಗೆ, ವಾಸನೆ ಬರುವಂತೆ ಕೊಟ್ಟು ನೋಡಿ.

ಅತ್ತೆಯ ಮಾತಿಗೆ ಉತ್ತರ ಕೊಡಬೇಕಾಗಿಲ್ಲ. ದಿನಕ್ಕೆ ಹತ್ತು ಸಲ ಕಾಲಿಗೆ ಸುತ್ತುತ್ತಿದ್ದ ಜೀವ ಅದು, ಅಳು ಬರುತ್ತದೆ. ಕಾರಣ ಸಿಗದ ಸಾವಿನಲ್ಲಿ ಮನಸ್ಸು ಕೊನೆಯ ದಿನವನ್ನೇ ಮತ್ತೆ ಮತ್ತೆ ತಿರುವಿಹಾಕುತ್ತದೆ. ಆ ದಿನ ನಡೆದದ್ದನ್ನು ಒಂದು ಸಲ ಕಾಗದದಲ್ಲಿ ಬರೆಯಿರಿ: ಆಗ ಏನು ಕಂಡಿತ್ತು, ಆಗ ಏನು ಗೊತ್ತಿತ್ತು. ಈಗ ಗೊತ್ತಾದದ್ದನ್ನು ಅದರಲ್ಲಿ ಸೇರಿಸಬೇಡಿ. ವಾರಗಟ್ಟಲೆ ನಿದ್ದೆ ಊಟ ಸೇರದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ.

ಪ್ರಶ್ನೆ: ಬೆಕ್ಕು ಸಾಯುವ ನಾಲ್ಕು ದಿನ ಮೊದಲು ನನಗೆ ಪರಚಿತ್ತು. ಮೈಮೇಲೆ ರಕ್ತ ಹೀರುವ ಉಣ್ಣೆ ಇತ್ತು, ಅದರಿಂದ ಹರಡುವ ಮಂಗನ ಕಾಯಿಲೆ ಇರಬಹುದೇ? ಮಳೆಯಲ್ಲಿ ಸರಿಯಾಗಿ ಹೂಳಲೂ ಆಗಲಿಲ್ಲ.
— ಓದುಗರು, ಸಿದ್ದಾಪುರ

ಉತ್ತರ: ಪರಚಿದ್ದಕ್ಕೆ ಇವತ್ತೇ ಆಸ್ಪತ್ರೆಗೆ ಹೋಗಿ. ಕಚ್ಚಿದ ಅಥವಾ ಪರಚಿದ ಬೆಕ್ಕು 10 ದಿನದೊಳಗೆ ಸತ್ತರೆ ರೇಬೀಸ್ ಎಂದೇ ಭಾವಿಸಿ ಲಸಿಕೆ ಪೂರ್ತಿ ತೆಗೆದುಕೊಳ್ಳಬೇಕು. ಗಾಯ ಆದಾಗಲೇ ಹರಿಯುವ ನೀರಲ್ಲಿ 15 ನಿಮಿಷ ಸೋಪು ಹಚ್ಚಿ ತೊಳೆಯಬೇಕಿತ್ತು. ತೊಳೆದಿಲ್ಲವಾದರೆ ಈಗಲಾದರೂ ತೊಳೆಯಿರಿ. ಮಂಗನ ಕಾಯಿಲೆಯ ಸೂಚನೆ ಕಾಡಿನಲ್ಲಿ ಮಂಗ ಸಾಯುವುದು, ಬೆಕ್ಕು ಸತ್ತದ್ದಲ್ಲ. ಆದರೂ ಮೈ ತಣ್ಣಗಾದ ಮೇಲೆ ಉಣ್ಣೆ ಬಿಟ್ಟು ಹೊರಡುತ್ತದೆ, ಬರಿಗೈಯಲ್ಲಿ ಎತ್ತಬಾರದು.

ಗುಂಡಿ 3 ಅಡಿ ಆಳ ಬೇಕು, ಬಾವಿಯಿಂದ 100 ಅಡಿ ದೂರ, ನೀರು ಒಸರದ ಎತ್ತರದ ಜಾಗ. ಹತ್ತಿಬಟ್ಟೆ ಸಾಕು, ಪ್ಲಾಸ್ಟಿಕ್ ಬೇಡ. ಚಿರೆಕಲ್ಲು ಅಡ್ಡ ಬಂದು ಅಷ್ಟು ಅಗೆಯಲಾಗದಿದ್ದರೆ ಮೇಲೆ ಮಣ್ಣು ಏರಿಸಿ, ನಾಲ್ಕೈದು ಕಲ್ಲು ಹೇರಿ. ಇಲ್ಲವಾದರೆ ನಾಯಿ, ಹಂದಿ ಕೆದರುತ್ತವೆ. ಪಾಷಾಣದಿಂದ ಸತ್ತಿದ್ದರೆ ಅದನ್ನು ತಿಂದವೂ ಸಾಯಬಹುದು. ವಾರ ಬಿಟ್ಟು ಹೋಗಿ ನೋಡಿ. ಮಳೆಗೆ ಮಣ್ಣು ಕುಸಿದಿರುತ್ತದೆ, ಇನ್ನೆರಡು ಬುಟ್ಟಿ ಹಾಕಿ ತುಳಿದು ಬನ್ನಿ.