ಬೆಲ್ಟ್ ಸರಿಸಿದ ಮೇಲೂ ತಾನಾಗಿ ತಿರುಗುವ ಹಳೆಯ ರಿಂಗ್ ಫ್ರೇಮ್
ಲ್ಯಾಂಕಾಶೈರ್‌ನ ವಸ್ತುಸಂಗ್ರಹಾಲಯದಲ್ಲಿ ನೀವು ನಡೆಸಿ ತೋರಿಸುವ ರಿಂಗ್ ಫ್ರೇಮ್ (ಹತ್ತಿ ನೂಲುವ ಯಂತ್ರ), ಬೆಲ್ಟನ್ನು ಲೂಸ್ ಪುಲ್ಲಿಗೆ (ಶಾಫ್ಟಿನ ಮೇಲೆ ಸಡಿಲವಾಗಿ ತಿರುಗುವ ಗಾಲಿಗೆ) ಸರಿಸಿದ ಮೇಲೂ ತಾನಾಗಿ ತಿರುಗುತ್ತಿದ್ದರೆ, ಲೂಸ್ ಪುಲ್ಲಿಯ ಬುಷ್ (ಒಳಗಿನ ಬಳೆ) ಎಣ್ಣೆಯಿಲ್ಲದೆ ಶಾಫ್ಟನ್ನು ಹಿಡಿದುಕೊಂಡಿರಬೇಕು, ಇಲ್ಲವೇ ಬೆಲ್ಟ್ ಮೆಲ್ಲನೆ, ಶಾಫ್ಟಿಗೆ ಬಿಗಿದು ಯಂತ್ರವನ್ನು ತಿರುಗಿಸುವ ಫಾಸ್ಟ್ ಪುಲ್ಲಿಯ ಕಡೆಗೆ ಮರಳುತ್ತಿರಬೇಕು. ನಾನು ದುರಸ್ತಿ ಮಾಡಿದ ಯಂತ್ರದಲ್ಲಿ ಮೊದಲನೆಯದೇ ಕಾರಣವಾಗಿತ್ತು. ನಿಮ್ಮದರಲ್ಲಿ ಯಾವುದೆಂದು ನೋಡದೆ ಖಚಿತವಾಗಿ ಹೇಳಲಾರೆ.

ಮೊದಲು ಮೋಟಾರಿನ ಮುಖ್ಯ ಸ್ವಿಚ್ ಆರಿಸಿ, ಅದಕ್ಕೆ ಬೀಗ ಹಾಕಿ, ಕೀಲಿಯನ್ನು ನಿಮ್ಮ ಜೇಬಿನಲ್ಲೇ ಇಟ್ಟುಕೊಳ್ಳಿ. ಮೋಟಾರಿನಿಂದ ತಿರುಗಿ ಬೆಲ್ಟನ್ನು ಓಡಿಸುವ ಮೇಲಿನ ಲೈನ್ ಶಾಫ್ಟ್ ಪೂರ್ತಿ ನಿಂತ ಬಳಿಕ ಬೆಲ್ಟ್ ಕಳಚಿ ಲೂಸ್ ಪುಲ್ಲಿಯನ್ನು ಕೈಯಿಂದ ತಿರುಗಿಸಿ. ಅದರೊಡನೆ ಶಾಫ್ಟೂ ತಿರುಗಿದರೆ ಪುಲ್ಲಿಯನ್ನು ಹೊರತೆಗೆದು, ಎಣ್ಣೆಯ ರಂಧ್ರದಲ್ಲಿ ಗಟ್ಟಿಗಟ್ಟಿದ ಕಪ್ಪು ಜಿಡ್ಡನ್ನೂ ಅದಕ್ಕಂಟಿದ ಹತ್ತಿಯ ಎಳೆಗಳನ್ನೂ ತೆಗೆದು, ಬುಷ್ ಸವೆದಿದ್ದರೆ ಹೊಸದನ್ನು ಹಾಕಿಸಿ. ಪುಲ್ಲಿ ಸಲೀಸಾಗಿ ತಿರುಗಿದರೆ ದೋಷವನ್ನು ಬೆಲ್ಟ್ ಸರಿಸುವ ಕವೆಯಲ್ಲಿ ಹುಡುಕಬೇಕು. ಯಂತ್ರ ನಿಲ್ಲಿಸುವ ಸ್ಥಾನದಲ್ಲಿ ಕವೆಯ ಸರಳಿನ ಮೇಲೆ ತಾನಾಗಿ ಬೀಳುವ ಕೊಂಡಿಯೊಂದನ್ನು, ಕೈಯಿಂದ ಎತ್ತದ ಹೊರತು ಸರಳು ಅಲುಗಾಡದಂತೆ, ಕೂರಿಸಿ.

ಬ್ರಿಟನ್ನಿನ 1844ರ ಕಾರ್ಖಾನೆ ಕಾಯ್ದೆ, ತಿರುಗುತ್ತಿರುವ ಶಾಫ್ಟು ಗಾಲಿಗಳನ್ನು ಮಕ್ಕಳೂ ಹರೆಯದವರೂ ಸ್ವಚ್ಛಗೊಳಿಸುವುದನ್ನು ನಿಷೇಧಿಸಿತ್ತು. ನಿಂತಿದೆ ಎಂದು ನಂಬಿ ಕೈಯಿಟ್ಟ ಯಂತ್ರ ಅದಕ್ಕಿಂತಲೂ ಅಪಾಯಕಾರಿ ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ ದುರಸ್ತಿ ಮುಗಿಯುವವರೆಗೆ ದಯವಿಟ್ಟು ಪ್ರದರ್ಶನ ನಿಲ್ಲಿಸಿ, ಅನಂತರ ಬೆಲ್ಟನ್ನು ಲೂಸ್ ಪುಲ್ಲಿಯ ಮೇಲಿಟ್ಟು ಅರ್ಧ ಗಂಟೆ ಲೈನ್ ಶಾಫ್ಟ್ ಓಡಿಸಿ, ಒಂದು ಕದಿರೂ ಕದಲದಿದ್ದರೆ ಮಾತ್ರ ಜನರನ್ನು ಹತ್ತಿರ ಬಿಡಿ.