ಎಡಕ್ಕೆ ಯಾರು, ಬಲಕ್ಕೆ ಯಾರು?

ಪ್ರಶ್ನೆ: ಜಪಾನಿನ ಬಿಎಲ್, ಅಂದರೆ ಗಂಡಸರಿಬ್ಬರ ಪ್ರೇಮದ ‘ಬಾಯ್ಸ್ ಲವ್’ ಮಾಂಗಾಗಳನ್ನು (ಚಿತ್ರಕಥೆಗಳನ್ನು) ಇಂಗ್ಲಿಷಿನಲ್ಲಿ ಓದುತ್ತೇನೆ. ಸೆಮೆ, ಉಕೆ ಅಂದರೇನು? ಓದುವ ಹೆಂಗಸರು ತಮ್ಮನ್ನು ಉಕೆಯಲ್ಲೇ ಕಾಣುತ್ತಾರೆ ಎನ್ನುವುದು ನಿಜವೇ?
– ಓದುಗರೊಬ್ಬರು, ಮೈಸೂರು

ಉತ್ತರ: ‘ಸೆಮೆರು’ ಎಂದರೆ ಮೇಲೆರಗುವುದು, ‘ಉಕೆರು’ ಎಂದರೆ ಪಡೆಯುವುದು. ಹಾಸಿಗೆಯಲ್ಲಿ ಯಾರ ಸ್ಥಾನ ಯಾವುದು ಎಂಬುದಷ್ಟೇ ಈ ಎರಡು ಪದಗಳ ಖಚಿತ ಅರ್ಥ. ಸೆಮೆ ಎತ್ತರದ, ಕಿರುಗಣ್ಣಿನವನು, ಉಕೆ ಕುಳ್ಳ, ಅಗಲ ಕಣ್ಣಿನವನು ಎಂಬುದು ಚಿತ್ರಕಾರರ ರೂಢಿ, ನಿಯಮವಲ್ಲ. ರೂಢಿ ಮುರಿದರೆ ಅದಕ್ಕೂ ಹೆಸರಿದೆ. ವಯಸ್ಸಿನಲ್ಲಿ ಚಿಕ್ಕವನು ಸೆಮೆಯಾದರೆ ‘ತೊಶಿಶಿತಾ ಸೆಮೆ’, ಪುಕ್ಕಲನಾದರೆ ‘ಹೆತಾರೆ ಸೆಮೆ’, ತಾನೇ ಮುಂದಾಗಿ ಕರೆಯುವವನು ‘ಸಸೊಯಿ ಉಕೆ’. ಇಬ್ಬರೂ ಅದಲುಬದಲಾಗುವ ಜೋಡಿ ‘ರಿಬಾ’.

ಇನ್ನು ಎರಡನೆಯ ಮಾತು. ಉಕೆಯೇ ಓದುವ ಹೆಂಗಸಿನ ಪ್ರತಿನಿಧಿ ಎಂಬ ವಾದ ಹಳೆಯದು, ಅರ್ಧ ಮಾತ್ರ ನಿಜ. ಸೆಮೆಯ ಕಣ್ಣಿನಿಂದ ನೋಡುವವರಿದ್ದಾರೆ. ಇಬ್ಬರಲ್ಲೂ ಸೇರದೆ ‘ಆ ಕೋಣೆಯ ಗೋಡೆಯಾಗಿದ್ದರೆ ಸಾಕು’ ಎನ್ನುವವರೂ ಜಪಾನಿನಲ್ಲಿ ಬೇಕಾದಷ್ಟು ಜನ. ಒಂದು ಅಧ್ಯಾಯ ತೆಗೆದುಕೊಂಡು ನೀವೇ ಎಣಿಸಿ ನೋಡಿ. ಮಾತಿನ ಗುಳ್ಳೆಯಿಲ್ಲದೆ ಚಿತ್ರದ ಚೌಕದೊಳಗೆ ತೇಲುವ ಸಾಲುಗಳು ಮನಸ್ಸಿನ ಮಾತು. ಅವು ಯಾರವು, ಎಷ್ಟು? ಹತ್ತಿರದಿಂದ ಬರೆದ ಮುಖ ಯಾರದು, ಬೆನ್ನು ಮಾತ್ರ ಕಾಣುವುದು ಯಾರದು? ಒಬ್ಬನ ಮನಸ್ಸು ಪೂರ್ತಿ ತೆರೆದಿದ್ದು ಇನ್ನೊಬ್ಬನದು ಬರೀ ಮುಚ್ಚಿದ ಬಾಯಿಯಾಗಿದ್ದರೆ ಓದುವವರು ಮೊದಲನೆಯವನ ಜೊತೆ ನಡೆಯುತ್ತಾರೆ, ಅವನು ಸೆಮೆಯಾಗಿದ್ದರೂ ಸರಿ. ನಡುವೆ ಒಂದೇ ಪುಟ ಮನಸ್ಸಿನ ಮಾತು ಇನ್ನೊಬ್ಬನಿಗೆ ದಾಟಿದರೂ ಅಲ್ಲಿಯವರೆಗಿನ ಕಥೆಯೆಲ್ಲ ಬೇರೆಯಾಗಿ ಕಾಣತೊಡಗುತ್ತದೆ. ಪಳಗಿದ ಲೇಖಕಿಯರು ಆ ಪುಟವನ್ನು ಬಹಳ ಹೊತ್ತು ಕಾಯ್ದಿರಿಸುತ್ತಾರೆ.

ಅನುವಾದದಲ್ಲಿ ಸೋರಿಹೋಗುವುದೂ ಒಂದಿದೆ. ಜಪಾನಿಯಲ್ಲಿ ಗಂಡಸು ‘ನಾನು’ ಎನ್ನಲು ಗಡಸಾದ ‘ಒರೆ’, ಮೆದುವಾದ ‘ಬೊಕು’ ಎರಡೂ ಇವೆ. ಇಂಗ್ಲಿಷಿನಲ್ಲಿ ಎರಡೂ ಒಂದೇ. ಕನ್ನಡಕ್ಕೆ ತರುವವರಿಗೆ ಕಡೇಪಕ್ಷ ನೀನು–ನೀವು ಕೈಯಲ್ಲಿದೆ. ‘ನೀವು’ ಎನ್ನುತ್ತಿದ್ದವನು ಯಾವ ಪುಟದಲ್ಲಿ ‘ನೀನು’ ಎಂದ ಎಂಬುದೇ ದೊಡ್ಡ ಘಟನೆಯಾಗಬಲ್ಲದು.

ಒಂದು ಎಚ್ಚರಿಕೆ: ಈ ಪಾತ್ರಗಳನ್ನು ನಿಜವಾದ ಸಲಿಂಗಿ ಗಂಡಸರ ಮೇಲೆ ಹೊರಿಸಬೇಡಿ. ‘ನಮ್ಮ ಬದುಕಿಗೂ ನೀವು ಬರೆಯುವುದಕ್ಕೂ ಏನು ಸಂಬಂಧ’ ಎಂಬ ಧಾಟಿಯಲ್ಲಿ 1992ರಲ್ಲಿ ಸಲಿಂಗಿ ಕಾರ್ಯಕರ್ತ ಸಾತೋ ಮಸಾಕಿ ಒಂದು ಸ್ತ್ರೀವಾದಿ ಕಿರುಪತ್ರಿಕೆಯಲ್ಲಿ ಬರೆದರು. ಅದರಿಂದ ಹೊತ್ತಿಕೊಂಡ ‘ಯಾಓಯಿ ರೊನ್ಸೊ’ (ಯಾಓಯಿ ಎಂದರೆ ಇಂಥ ಕಥೆಗಳು) ಎಂಬ ವಾಗ್ವಾದ ವರ್ಷಗಟ್ಟಲೆ ನಡೆಯಿತು. ಅವರ ಆಕ್ಷೇಪದಲ್ಲಿ ತೂಕವಿತ್ತು. ಸಲಿಂಗಿಗಳು ತಮ್ಮೊಳಗೆ ಬಳಸುವ ‘ತಾಚಿ’ (ಮೇಲೆರಗುವವನು), ‘ನೆಕೊ’ (ಪಡೆಯುವವನು) ಬೇರೆಯೇ ಪದಗಳು.

ಪ್ರಶ್ನೆ: ನಾನು ಬರೆದ ಕಥೆಗೆ ‘ಹರು × ರೆನ್’ ಎಂದು ಹಾಕಿದೆ. ‘ಇದು ತಿರುಗುಮುರುಗು’ ಎಂದು ಓದಿದವರು ಸಿಟ್ಟಾದರು. ಏಕೆ?
– ಓದುಗರೊಬ್ಬರು, ಧಾರವಾಡ

ಉತ್ತರ: ಎಡಗಡೆಯ ಹೆಸರು ಸೆಮೆ, ಬಲಗಡೆಯದು ಉಕೆ. ಹೆಸರು ಕತ್ತರಿಸಿ ‘ಹರುರೆನ್’ ಎಂದು ಕೂಡಿಸಿದರೂ ಕ್ರಮ ಅದೇ. ನಿಮ್ಮ ಕಥೆಯಲ್ಲಿ ರೆನ್ ಸೆಮೆಯಾಗಿದ್ದರೆ ‘ರೆನ್ × ಹರು’ ಎಂದೇ ಬರೆಯಬೇಕಿತ್ತು. ಜೋಡಿ ತಿರುಗಿದರೆ ಕೆಲವರಿಗೆ ಅದು ‘ಜಿರಾಯ್’, ಅಂದರೆ ನೆಲಬಾಂಬು. ಅವರು ಅಂಥದ್ದನ್ನು ಮುಟ್ಟುವುದಿಲ್ಲ. ಹಾಗಾಗಿ ಸ್ಥಾನ ಗೊತ್ತುಮಾಡದ ಕಥೆಯಾದರೆ × ಬಿಟ್ಟು ‘ಹರು ಮತ್ತು ರೆನ್’ ಎಂದು ಹಾಕಿ. ಅದಲುಬದಲಾದರೆ ಮೊದಲ ಸಾಲಿನಲ್ಲೇ ‘ರಿಬಾ’ ಎಂದು ತಿಳಿಸಿ. ಇಂಗ್ಲಿಷ್ ಅಭಿಮಾನಿಗಳು ಜೋಡಿಯ ಹೆಸರುಗಳ ನಡುವೆ ಹಾಕುವ ಓರೆಗೆರೆಗೆ (/) ಇಂಥ ಕಟ್ಟುಪಾಡಿಲ್ಲ. ಅಲ್ಲಿಂದ ಬಂದವರು ಎಡವುವುದೇ ಇಲ್ಲಿ.